ಹಲ್ಲಿಗೆ ಎಲ್ಲಿ ತೋರಿಸೋದು: ಏರಿಯಾ ಕ್ಯಾಂಪೋ, ಡೆಂಟಲ್ ಕಾಲೇಜೋ?

ಏರಿಯಾದ ಶಾಲೆಯಲ್ಲಿ ಕ್ಯಾಂಪ್ ಹಾಕಿದರೆ ದೊಡ್ಡ ಅನುಕೂಲ, ಒಂದು ದಿನದ ಕೂಲಿ ಬಿಡಬೇಕಿಲ್ಲ. ಡೆಂಟಲ್ ಕಾಲೇಜಿನ ವಿದ್ಯಾರ್ಥಿಗಳು ಬಂದು ಬಾಯಿ ನೋಡುತ್ತಾರೆ. ಹಲ್ಲಿನ ಚಿಕಿತ್ಸೆಯ ಕುರ್ಚಿ ಇರುವ ಬಸ್ ಬಂದಿದ್ದರೆ ಕ್ಲೀನಿಂಗ್, ಸಣ್ಣ ಫಿಲ್ಲಿಂಗ್ ಕೂಡ ಆಗಬಹುದು. ರೂಟ್ ಕೆನಾಲ್, ಹಲ್ಲುಸೆಟ್ಟು ಕೇಳಬೇಡಿ, ಚೀಟಿ ಬರೆದು ಕಾಲೇಜಿಗೇ ಕಳಿಸುತ್ತಾರೆ.

ಬೆಂಗಳೂರಿನ ಸರ್ಕಾರಿ ದಂತ ಕಾಲೇಜು ಇರುವುದು ಕೋಟೆ ಹತ್ತಿರ, ವಿಕ್ಟೋರಿಯಾ ಆಸ್ಪತ್ರೆ ಪಕ್ಕ. ಕೆ.ಆರ್. ಮಾರ್ಕೆಟ್ ಮೆಟ್ರೋದಲ್ಲಿ ಇಳಿದರೆ ನಡೆದೇ ಹೋಗಬಹುದು. ಎಕ್ಸ್‌ರೇ ಅಲ್ಲೇ ಆಗುತ್ತದೆ, ಖರ್ಚು ಖಾಸಗಿ ಕ್ಲಿನಿಕ್‌ಗಿಂತ ತುಂಬಾ ಕಡಿಮೆ. ಆದರೆ ಟೈಮ್ ಜಾಸ್ತಿ ಹಿಡಿಯುತ್ತದೆ. ವಿದ್ಯಾರ್ಥಿ ಒಂದು ಹಂತ ಮುಗಿಸಿ, ಮೇಷ್ಟ್ರು ಬಂದು ಪುಟ್ಟ ಕನ್ನಡಿ ಹಿಡಿದು ನೋಡಿ, ಹೂಂ ಅಂದ ಮೇಲೇ ಮುಂದಿನದು. ಅಷ್ಟೊತ್ತೂ ಬಾಯಿ ತೆರೆದಿಟ್ಟುಕೊಂಡೇ ಕೂತಿರಬೇಕು!

ಕಲಿಯೋ ಹುಡುಗರು ಅಂತ ಸುಮ್ನೆ ಹೆದರಬೇಡಿ. ಬಿಡಿಎಸ್‌ನಲ್ಲಿ, ಅಂದರೆ ಹಲ್ಲಿನ ಡಾಕ್ಟರ್ ಓದಿನಲ್ಲಿ, ಸಾಮಾನ್ಯವಾಗಿ 3ನೇ ವರ್ಷದಿಂದಲೇ ರೋಗಿಗಳನ್ನು ನೋಡುವುದು. ಅದಕ್ಕೂ ಮುಂಚೆ ಮಾದರಿ ಹಲ್ಲಿನ ಮೇಲೆ ಕೈ ಪಳಗಿರುತ್ತದೆ. ನನಗಂತೂ ಆ ನಿಧಾನವೇ ಧೈರ್ಯ.

ಶುಗರ್ ಇದ್ದರೆ, ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ತಿದ್ದರೆ, ಹಲ್ಲು ಕೀಳಿಸಲು ಕಾಲೇಜೇ ಸರಿ. ಮಾತ್ರೆ ಚೀಟಿ ಮರೆಯಬೇಡಿ. ಕೆನ್ನೆ ಊದಿ ಜ್ವರ ಬಂದಿದ್ದರೆ ಕ್ಯಾಂಪಿಗೆ ಕಾಯದೆ ಅವತ್ತೇ ಹೊರಡಿ.