ಒಂಬತ್ತು ವರ್ಷದ ಪಾಸ್‌ದಾರನ ವಿಮರ್ಶೆ: ಟಿಕೆಟ್ ಗೇಟಿಗೆ ಐದಕ್ಕೆ ಎರಡು

ತುಮಕೂರಿನಿಂದ ಬೆಂಗಳೂರಿಗೆ ರೈಲಿನಲ್ಲಿ ಓಡಾಡುತ್ತಾ ಒಂಬತ್ತು ವರ್ಷವಾಯಿತು. ಹತ್ತಿರ ಹತ್ತಿರ 70 ಕಿ.ಮೀ., ಮೂರು ತಿಂಗಳ ಪಾಸ್, ಸೀಟು ಸಿಕ್ಕಿದರೆ ಪುಣ್ಯ. ರೈಲಿನ ಬಗ್ಗೆ ತಕರಾರು ಜಾಸ್ತಿ ಇಲ್ಲ. ಬಸ್ಸಿಗಿಂತ ಅಗ್ಗ, ನೆಲಮಂಗಲದ ಟ್ರಾಫಿಕ್ ಕಾಟವಿಲ್ಲ. ನನ್ನ ವಿಮರ್ಶೆ ಇಳಿದ ಮೇಲಿನ ಹತ್ತು ಹೆಜ್ಜೆಯದು. ಗೇಟಿನಲ್ಲಿ ಕಪ್ಪು ಕೋಟು ಹಾಕಿಕೊಂಡು ಕೈ ಚಾಚಿ ನಿಂತಿರುತ್ತಾರಲ್ಲ, ಆ ಜಾಗದ್ದು. ಯಾವ ಸ್ಟೇಷನ್ ಅಂತ ಹೇಳುವುದಿಲ್ಲ, ಬಿಡಿ.

ಮೊದಲು ನನ್ನದೇ ತಪ್ಪು. ಪಾಸ್ ಮೊಬೈಲಿನಲ್ಲಿತ್ತು, ಇಳಿಯುವ ಹೊತ್ತಿಗೆ ಮೊಬೈಲ್ ಆಫ್. ಆ್ಯಪ್ ತೆರೆದು ತೋರಿಸಲಾಗದಿದ್ದರೆ ಟಿಕೆಟ್ ಇಲ್ಲದವನ ಲೆಕ್ಕವೇ. ರೈಲ್ವೆ ಕಾಯ್ದೆಯ 138ನೇ ಸೆಕ್ಷನ್ ಪ್ರಕಾರ ಟಿಕೆಟ್ ದುಡ್ಡಿನ ಜೊತೆಗೆ ಅಷ್ಟೇ ದುಡ್ಡು ಅಥವಾ 250 ರೂಪಾಯಿ, ಯಾವುದು ಜಾಸ್ತಿಯೋ ಅದು. ಕಟ್ಟಿದೆ, ರಸೀದಿ ತಗೊಂಡೆ. ಆದರೆ ರಸೀದಿ ಬರೆಯುತ್ತಾ ಆತ ಪಕ್ಕದವರಿಗೆ, ‘ದಿನಾ ಇದೇ ನಾಟಕ ಇವರದ್ದು’ ಎಂದರು. ಮಾರನೇ ದಿನ ಬೇಕಂತಲೇ ಅವರ ಮುಂದೆ ಪಾಸ್ ಹಿಡಿದೆ. ನೋಡಲೇ ಇಲ್ಲ. ಅವತ್ತಿನಿಂದ ಪವರ್ ಬ್ಯಾಂಕ್ ಇಲ್ಲದೆ ನಾನು ಮನೆ ಬಿಟ್ಟಿಲ್ಲ.

ಇದು ಬೇಗ ಮರೆತುಹೋಯಿತು. ಮರೆಯಲಾಗದ್ದು ಬೇರೆ.

ಅವರೆಕಾಯಿ ಕಾಲ. ನಮ್ಮ ಬೋಗಿಯಿಂದಲೇ ಇಳಿದ ಒಬ್ಬ ತಾತ, ಹೆಗಲ ಮೇಲೆ ಮೂಟೆ. ಗೇಟಿನಲ್ಲಿ, ‘ಏಯ್, ಟಿಕೆಟ್ ಎಲ್ಲೋ?’

‘ಐತೆ ಸ್ವಾಮಿ, ಒಸಿ ತಡೀರಿ.’

ತಾತ ಮೂಟೆ ಇಳಿಸಿ ಸೊಂಟದ ಸಂಚಿ ಬಿಚ್ಚಿದರು. ವೀಳ್ಯದೆಲೆ ಬಂತು, ಅಡಿಕೆ ಬಂತು, ಸುಣ್ಣದ ಡಬ್ಬಿ ಬಂತು. ಕೊನೆಗೆ ಎಂಟು ಮಡಿಕೆ ಮಾಡಿದ ಟಿಕೆಟ್. ಊರಿನ ಹೆಸರಿನ ಮೇಲೇ ಸುಣ್ಣ ಮೆತ್ತಿತ್ತು. ಗೇಟಿನವರು ಅದರ ಮೂಲೆಯನ್ನು ಎರಡೇ ಬೆರಳಲ್ಲಿ ಎತ್ತಿ, ‘ಇದೇನು ಟಿಕೆಟ್ಟೋ, ಎಲೆಅಡಿಕೆ ಪೊಟ್ಟಣವೋ?’ ಎಂದರು. ಸುತ್ತ ನಿಂತವರು ನಕ್ಕರು. ಸುಳ್ಳು ಯಾಕೆ, ನಾನೂ ನಕ್ಕೆ. ತಾತ ಮಾತ್ರ ಟಿಕೆಟ್ ವಾಪಸ್ ಇಸಿದುಕೊಂಡು ಉಗುರಿನಲ್ಲಿ ಸುಣ್ಣ ಕೆರೆಯುತ್ತಾ ನಿಂತರು. ‘ತುಮಕೂರು’ ಕಾಣಿಸಿತು, ಅವತ್ತಿನ ತಾರೀಖೂ ಕಾಣಿಸಿತು. ಅಷ್ಟರಲ್ಲಿ ಇಸ್ತ್ರಿ ಶರಟಿನ ನಾಲ್ಕೈದು ಜನ ಕಿವಿಗೆ ಫೋನ್ ಇಟ್ಟುಕೊಂಡು ಹಾಗೇ ದಾಟಿಹೋದರು. ಅವರನ್ನು ಯಾರೂ ಕೇಳಲಿಲ್ಲ. ಟಿಕೆಟ್ ಸರಿ ಇದೆ ಅಂತ ಗೊತ್ತಾದ ಮೇಲೂ ತಾತನಿಗೆ ಸಿಕ್ಕಿದ್ದು ‘ನಡಿ ನಡಿ’. ‘ಹೋಗಿ’ ಅನ್ನಲು ದುಡ್ಡು ಕೊಡಬೇಕಾ?

ಅವರ ಕಷ್ಟವೂ ಇದೆ. ಒಂದು ರೈಲು ಖಾಲಿಯಾದರೆ ನೂರಾರು ಜನ ಒಟ್ಟಿಗೆ ನುಗ್ಗುತ್ತಾರೆ, ಗೇಟಿನಲ್ಲಿ ಇರುವವರು ಇಬ್ಬರು. ಹೋದ ತಿಂಗಳ ಪಾಸಿನ ತಾರೀಖನ್ನು ಹೆಬ್ಬೆರಳಲ್ಲಿ ಮುಚ್ಚಿಕೊಂಡು ತೋರಿಸುವ ಮಹಾನುಭಾವರು ನಮ್ಮ ಬೋಗಿಯಲ್ಲೇ ಇದ್ದಾರೆ. ಆದರೆ ಅಂಥವರ ಮುಂದೆ ಈ ದನಿ ಏಳುವುದೇ ಇಲ್ಲ, ಅವರ ಬಟ್ಟೆ ಚೆನ್ನಾಗಿರುತ್ತದಲ್ವಾ.

ಅವತ್ತು ಸಂಜೆ ರೈಲ್ವೆ ಸಹಾಯವಾಣಿ 139ಕ್ಕೆ ಫೋನ್ ಮಾಡಿದೆ. ಮಾತಾಡಿದವರು ಮರ್ಯಾದೆಯಿಂದಲೇ ಕೇಳಿದರು: ಸಿಬ್ಬಂದಿಯ ಹೆಸರೇನು? ನನಗೆ ಗೊತ್ತಿರಲಿಲ್ಲ. ನಗುವುದರಲ್ಲಿ ಎದೆ ಮೇಲಿನ ಹೆಸರಿನ ಪಟ್ಟಿ ನೋಡಿರಲೇ ಇಲ್ಲ. ಈಗ ಮೊದಲು ಅದನ್ನೇ ಓದುತ್ತೇನೆ. ರೈಲ್‌ಮದದ್ ಆ್ಯಪಿನಲ್ಲಿ ದೂರು ಕೊಡುವವರೂ ಹೆಸರು, ಹೊತ್ತು, ಗೇಟು ಬರೆದಿಟ್ಟುಕೊಳ್ಳಿ.

ಹೆಣ್ಣುಮಕ್ಕಳಿಗೆ ಒಂದು ವಿಷಯ. ಒಂಟಿ ಹೆಂಗಸು ಟಿಕೆಟ್ ಇಲ್ಲದೆ ಸಿಕ್ಕಿದರೂ ಎಲ್ಲೆಂದರಲ್ಲಿ ಇಳಿಸುವಂತಿಲ್ಲ. ಹತ್ತಿದ ಸ್ಟೇಷನ್, ಜಂಕ್ಷನ್, ಕೊನೆಯ ನಿಲ್ದಾಣ ಅಥವಾ ಜಿಲ್ಲಾ ಕೇಂದ್ರ, ಅದೂ ಹಗಲಲ್ಲಿ ಮಾತ್ರ. ಇದು ಅದೇ ಕಾಯ್ದೆಯ 139ನೇ ಸೆಕ್ಷನ್. ಸಹಾಯವಾಣಿಯ ನಂಬರೇ, ನೆನಪಿಡಲು ಸುಲಭ.

ಎರಡು ಅಂಕದಲ್ಲಿ ಒಂದು, ರೈಲು ಅಗ್ಗ ಅನ್ನುವುದಕ್ಕೆ. ಇನ್ನೊಂದು, ಸಂಜೆ ರೈಲಿನಲ್ಲಿ ಒಮ್ಮೆ ಸಿಕ್ಕಿದ ಮಹಿಳಾ ಟಿಟಿಇಗೆ. ಚೀಲವೆಲ್ಲ ತಡಕಾಡುತ್ತಿದ್ದ ಅಜ್ಜಿಗೆ, ‘ನಿಧಾನ ಅಜ್ಜಿ, ನಾನು ಆ ಕಡೆ ನೋಡಿಕೊಂಡು ಬರ್ತೀನಿ, ಅಷ್ಟರಲ್ಲಿ ತೆಗೆದಿಡಿ’ ಎಂದು ಮುಂದೆ ಹೋದರು. ವಾಪಸ್ ಬಂದಾಗ ಅಜ್ಜಿಯ ಒಂದು ಕೈಯಲ್ಲಿ ಟಿಕೆಟ್ಟು, ಇನ್ನೊಂದು ಕೈಯಲ್ಲಿ ಬೇಯಿಸಿದ ಕಡಲೆಕಾಯಿ ಇತ್ತು. ಎರಡನ್ನೂ ತಗೊಂಡರು.