ಎಎಂಆರ್, ಓಪಸ್: ಫ್ರೇಮ್ ಬಿಡಿಸಲು ಯಾವುದು ಸುಲಭ?

ಬಾಗಲಕೋಟೆ ಸುತ್ತಲಿನ ಹಳ್ಳಿಗಳ ಬೀಸುವ ಪದ, ಸೋಬಾನ ಪದಗಳನ್ನು ನಾವು ಕೆಲವರು ಕೂಡಿಡುತ್ತಿದ್ದೇವೆ. ಧ್ವನಿಯನ್ನು ಕುಗ್ಗಿಸಿ ಇಡುವ ಎರಡು ಬಗೆ ನಮ್ಮಲ್ಲಿವೆ: ಹಳೆಯ ಕೀಪ್ಯಾಡ್ ಮೊಬೈಲಿನಿಂದ ಸಿಕ್ಕಿದ್ದು ಎಎಂಆರ್, ಈಗ ವಾಟ್ಸಾಪ್ ವಾಯ್ಸ್ ನೋಟಿನಲ್ಲಿ ಬರುವುದು ಓಪಸ್. ಫ್ರೇಮ್, ಅಂದರೆ ಧ್ವನಿಯ ಚಿಕ್ಕ ತುಂಡು, ಎಲ್ಲಿ ಶುರು, ಎಲ್ಲಿ ಮುಗಿಯುತ್ತದೆ ಎಂದು ಹುಡುಕಲು ಎರಡಕ್ಕೂ ಸಿ ಭಾಷೆಯಲ್ಲಿ ಪಾರ್ಸರ್ (ಫೈಲನ್ನು ಓದಿ ಬಿಡಿಸುವ ಪ್ರೋಗ್ರಾಂ) ಬರೆದೆ.

ಬರೆಯಲು ಎಎಂಆರ್ ತುಂಬಾ ಸುಲಭ. ಫೈಲಿನ ತಲೆಗೆ 6 ಬೈಟಿನ ಗುರುತು, ಆಮೇಲೆ 20 ಮಿಲಿಸೆಕೆಂಡಿನ ಫ್ರೇಮುಗಳು ಸಾಲಾಗಿ ಬರುತ್ತವೆ. ಫ್ರೇಮಿನ ಮೊದಲ ಬೈಟ್ ನೋಡಿದರೆ ಉದ್ದ ಗೊತ್ತಾಗುತ್ತದೆ. ಹೆಕ್ಸ್‌ನಲ್ಲಿ 3ಸಿ ಕಂಡರೆ ಸೆಕೆಂಡಿಗೆ 12.2 ಕಿಲೋಬಿಟ್ ಮೋಡ್, ಆ ಬೈಟೂ ಸೇರಿ 32 ಬೈಟ್. 4.75 ಮೋಡಾದರೆ 13. ಮಾತು ನಿಂತಾಗ ಬರುವ ಹಿನ್ನೆಲೆ ಸದ್ದಿನ ಫ್ರೇಮ್ ಬರೀ 6. ಒಂದು ಟೇಬಲ್, ಒಂದು ಲೂಪ್ ಸಾಕು.

ಆದರೆ ಮೆಮೊರಿ ಕಾರ್ಡ್ ಹಾಳಾಗಿ ನಡುವೆ ನಾಲ್ಕು ಬೈಟ್ ಹೋದರೆ ಕಷ್ಟ. ಡೇಟಾ ಕೆಟ್ಟಿದೆಯೇ ಎಂದು ತಿಳಿಸುವ ಚೆಕ್‌ಸಮ್ ಇಲ್ಲ. ಧ್ವನಿಯ ಡೇಟಾದೊಳಗೂ 3ಸಿ ಬರಬಹುದು, ಒಂದು ಸಿಕ್ಕಿತು ಅಂತ ನಂಬುವ ಹಾಗಿಲ್ಲ. 32 ಬೈಟ್ ದಾಟಿದ ಮೇಲೆ ಮತ್ತೊಂದು ಫ್ರೇಮಿನ ಮೊದಲ ಬೈಟ್, ಅಲ್ಲಿಂದ ಇನ್ನೊಂದು, ಹೀಗೆ ಸರಪಳಿ ಕೂಡಿದರೆ ಮಾತ್ರ ದಾರಿ ಸಿಕ್ಕಿತು ಎನ್ನಬೇಕು.

ಓಪಸ್‌ನಲ್ಲಿ ತಲೆಬಿಸಿ ಬೇರೆ ಥರದ್ದು. ಇಲ್ಲಿ ಫ್ರೇಮುಗಳು ಪ್ಯಾಕೆಟ್ ಎಂಬ ಕಟ್ಟಿನಲ್ಲಿ ಬರುತ್ತವೆ. ಮೊದಲ ಬೈಟಿನ 5 ಬಿಟ್ ಮೋಡು ಮತ್ತು ಫ್ರೇಮಿನ ಅವಧಿಗೆ, 1 ಸ್ಟೀರಿಯೋಗೆ, ಉಳಿದ 2 ಬಿಟ್ ಪ್ಯಾಕೆಟ್ಟಿನಲ್ಲಿ ಎಷ್ಟು ಫ್ರೇಮ್ ಎನ್ನುವುದಕ್ಕೆ. ಫ್ರೇಮಿನ ಉದ್ದ 251ರ ತನಕ ಇದ್ದರೆ ಅದನ್ನು ಬರೆಯಲು ಒಂದೇ ಬೈಟು. ಮೇಲಾದರೆ ಎರಡನೇ ಬೈಟನ್ನು 4ರಿಂದ ಗುಣಿಸಿ ಮೊದಲನೆಯದಕ್ಕೆ ಕೂಡಬೇಕು: 253, 10 ಬಂದರೆ 293. ಫ್ರೇಮ್ 1275 ಬೈಟ್ ಮೀರಬಾರದು, ಪ್ಯಾಕೆಟ್ 120 ಮಿಲಿಸೆಕೆಂಡ್ ಮೀರಬಾರದು. ಓಪಸ್‌ನ ನಿಯಮಗಳಿರುವ 2012ರ ಆರ್‌ಎಫ್‌ಸಿ 6716 ದಾಖಲೆ ಇದನ್ನೆಲ್ಲ ಬಿಡಿಸಿ ಹೇಳುತ್ತದೆ, ಒಂದು ತಪಾಸಣೆಯನ್ನೂ ಬಿಡಬೇಡಿ. ಬಿಟ್ಟರೆ ಕೆಟ್ಟ ಫೈಲೊಂದು ಬಫರಿನ (ಡೇಟಾಕ್ಕೆ ಇಟ್ಟ ಮೆಮೊರಿಯ) ಆಚೆ ಓದಿಸಿಬಿಡುತ್ತದೆ.

ಕೆಟ್ಟ ಫೈಲನ್ನು ಉಳಿಸಿಕೊಳ್ಳಲು ಮಾತ್ರ ಓಪಸ್ಸೇ ವಾಸಿ. ಅದನ್ನು ಹೊತ್ತಿರುವ ಆಗ್ ಫೈಲಿನಲ್ಲಿ ಡೇಟಾ ಪುಟ ಪುಟವಾಗಿ ಇರುತ್ತದೆ; ಪ್ರತಿ ಪುಟಕ್ಕೂ ಗುರುತಿದೆ, ತಪ್ಪು ಹಿಡಿಯುವ ಸಿಆರ್‌ಸಿ ಎಂಬ ಚೆಕ್‌ಸಮ್ ಇದೆ. ಒಂದು ಪುಟ ಹೋದರೆ ಮುಂದಿನದು ಸಿಗುತ್ತದೆ. ಸದ್ದಿನಲ್ಲೂ ಅದೇ ಮೇಲು: ಎಎಂಆರ್‌ನ 8 ಕಿಲೋಹರ್ಟ್ಸ್‌ನಲ್ಲಿ ಬೀಸುಕಲ್ಲಿನ ಗರಗರ ಮಾಸಿಹೋಗುತ್ತದೆ.

ಹೊಸ ರೆಕಾರ್ಡಿಂಗಿಗೆ ಓಪಸ್ ಇರಲಿ. ಹಳೆಯ ಎಎಂಆರ್ ಅನ್ನು ಸುಮ್ನೆ ಓಪಸ್‌ಗೆ ಬದಲಿಸಬೇಡಿ, ಇದ್ದ ಧ್ವನಿಯೂ ಇನ್ನಷ್ಟು ಸವೆಯುತ್ತದೆ. ಅದರಲ್ಲಿ ಒಂದೊಂದು ಹಾಡು ಬೇರೆ ಮಾಡಬೇಕಾದರೆ ಫ್ರೇಮಿನ ಗಡಿಯಲ್ಲಿ ಕತ್ತರಿಸಿ, ಮುಂದೆ ಫೈಲಿನ ತಲೆಯ ಆ 6 ಬೈಟ್ ಅಂಟಿಸಿ. ಆಗ್‌ನಲ್ಲಿ ಇದೇ ಕೆಲಸಕ್ಕೆ ಪುಟಗಳನ್ನೂ ಸಿಆರ್‌ಸಿಯನ್ನೂ ಹೊಸದಾಗಿ ಕಟ್ಟಬೇಕು.