ಸ್ಟೆಬಿಲೈಸರ್, ಇನ್ವರ್ಟರ್, ಅರ್ಥಿಂಗ್: ನನ್ನ ಆಂಪ್ಲಿಫೈಯರ್‌ಗೆ ಯಾವುದು ಕೆಲಸಕ್ಕೆ ಬಂತು?

ಮೇ ತಿಂಗಳಲ್ಲಿ ಕಲಬುರಗಿಯಲ್ಲಿ ಸಂಜೆ ಏಳಾಯಿತು ಅಂದ್ರೆ ಓಣಿಯ ಕೂಲರ್‌ಗಳೆಲ್ಲ ಒಟ್ಟಿಗೆ ಓಡುತ್ತವೆ. 230 ವೋಲ್ಟ್ ಇರಬೇಕಾದಲ್ಲಿ ನನ್ನ ಮೀಟರ್ 188 ತೋರಿಸುತ್ತಿತ್ತು. ನಾನು ಹಿಂದೂಸ್ತಾನಿ ಕೇಳಲು ಕೂರುವುದೂ ಅದೇ ಹೊತ್ತಿಗೆ. ಕರಿ ಒಂದಕ್ಕೆ (ಹಾರ್ಮೋನಿಯಂನ ಮೊದಲ ಕಪ್ಪು ಮನೆಗೆ) ಶ್ರುತಿ ಮಾಡಿದ ತಂಬೂರಿಯ ಮಂದ್ರ ಪಂಚಮ ಸುಮಾರು 104 ಹರ್ಟ್ಜ್. ನಮ್ಮ ಕರೆಂಟು 50 ಹರ್ಟ್ಜ್, ಆಂಪ್ಲಿಫೈಯರಿನ ಒಳಗಿನ ಟ್ರಾನ್ಸ್‌ಫಾರ್ಮರ್ ಗುಂಯ್ ಅನ್ನುವುದು ಅದರ ಎರಡರಷ್ಟು, 100. ಅಂದ್ರೆ ಪಂಚಮದ ಪಕ್ಕದಲ್ಲೇ ಇಳಿದ ಸ್ವರವೊಂದು ಕೂತಿರುತ್ತದೆ. ಆಲಾಪ ಕೇಳುವವರಿಗೆ ಇದು ಹಿಂಸೆ.

ಮೊದಲು ರಿಲೇ ಸ್ಟೆಬಿಲೈಸರ್ (ಒಳಗಿನ ಸ್ವಿಚ್‌ಗಳು ತಾವೇ ಬದಲಾಗಿ ವೋಲ್ಟೇಜ್ ಸರಿಮಾಡುವಂಥದ್ದು) ತಂದೆ. ವೋಲ್ಟೇಜ್ ಏರಿತು, ಗುಂಯ್ ಹಾಗೇ ಉಳಿಯಿತು. ಮೇಲೆ ಟಕ್ ಟಕ್ ಬೇರೆ. 188 ವೋಲ್ಟಿನಲ್ಲಿ ನನ್ನದರಂಥ ಹಳೇ ಮಾದರಿ ಆಂಪಿನ (ಆಂಪ್ಲಿಫೈಯರಿನ) ಗರಿಷ್ಠ ಪವರ್ ಮೂರರಲ್ಲಿ ಎರಡು ಪಾಲಿಗೆ ಇಳಿಯುತ್ತದೆ ನಿಜ, ಆದರೆ ಸಣ್ಣ ದನಿಯಲ್ಲಿ ಕೇಳುವಾಗ ಅದು ಗೊತ್ತೇ ಆಗಲ್ಲ. ಜೋರಾಗಿ ತಬಲಾ ಹಾಕಿದಾಗ ಮಾತ್ರ ಸ್ಟೆಬಿಲೈಸರಿನ ಲಾಭ ಕೇಳಿಸಿತು.

ಆಮೇಲೆ ಇನ್ವರ್ಟರ್. ಮನೆಯಲ್ಲಿದ್ದ ಹಳೇ ಸ್ಕ್ವೇರ್ ವೇವ್‌ನದ್ದಕ್ಕೆ (ಅದರ ಕರೆಂಟಿನ ಅಲೆ ಚೌಕಾಕಾರ) ಹಾಕಿದರೆ ಆಂಪಿನ ಟ್ರಾನ್ಸ್‌ಫಾರ್ಮರ್ ಕರ್ರ್ ಅಂದಿತು. ಅಲ್ಲಿಗೇ ತೆಗೆದೆ. ಕಾಕಾನ ಮನೆಯ, ನಯವಾದ ಅಲೆಯ ಕರೆಂಟು ಕೊಡುವ ಸೈನ್ ವೇವ್ ಇನ್ವರ್ಟರ್ ತಂದು ಬ್ಯಾಟರಿ ಮೇಲೆ ಓಡಿಸಿದೆ. ಆಂಪಿನ ಪೆಟ್ಟಿಗೆಯೊಳಗಿನ ಸದ್ದು ಪೂರ್ತಿ ತಣ್ಣಗಾಯಿತು, ಪಕ್ಕದ ಕೋಣೆಯ ಫ್ರಿಜ್ ಶುರುವಾದಾಗ ಬರುತ್ತಿದ್ದ ಟಪ್ ಕೂಡ ಹೋಯಿತು. ಇಷ್ಟಾದರೂ ಸ್ಪೀಕರಿನಿಂದ ಬರುವ ಗುಂಯ್ ಮಾತ್ರ ಕದಲಲಿಲ್ಲ! ಅಲ್ಲಿ ನನಗೆ ಹೊಳೆಯಿತು, ಇವು ಎರಡು ಬೇರೆ ಬೇರೆ ರೋಗ.

ಸೆಟ್‌ಟಾಪ್ ಬಾಕ್ಸಿನಿಂದ ಆಂಪಿಗೆ ಬರುವ ವೈರ್ ಕಿತ್ತೆ. ಸ್ಪೀಕರ್ ಥಟ್ಟನೆ ಸುಮ್ಮನಾಯಿತು. ಟಿವಿ, ಸೆಟ್‌ಟಾಪ್ ಬಾಕ್ಸ್ ಒಂದು ಬೋರ್ಡಿಗೆ, ಆಂಪ್ ಎದುರು ಗೋಡೆಯ ಇನ್ನೊಂದು ಬೋರ್ಡಿಗೆ. ಎರಡರ ಅರ್ಥಿಂಗ್ ಸಮ ಇಲ್ಲದ್ದರಿಂದ ನಡುವಿನ ಆಡಿಯೋ ವೈರಿನಲ್ಲೇ ಕರೆಂಟು ಹರಿದು ಗುಂಯ್ ಆಗುತ್ತಿತ್ತು. ಎಲ್ಲವನ್ನೂ ಒಂದೇ ಬೋರ್ಡಿಗೆ ತಂದೆ. ಒಂದು ರೂಪಾಯಿ ಖರ್ಚಿಲ್ಲ, ಮುಕ್ಕಾಲು ಗುಂಯ್ ಹೋಯಿತು. ಇದನ್ನು ನಿಲ್ಲಿಸೋಕೆ ಕೆಲವರು ಅರ್ಥ್ ಪಿನ್ನನ್ನೇ ಮುರಿದು ಹಾಕುತ್ತಾರೆ. ದಯವಿಟ್ಟು ಆ ಕೆಲಸ ಬೇಡ, ಲೋಹದ ಪೆಟ್ಟಿಗೆ ಮುಟ್ಟಿದಾಗ ಜೀವ ಕಾಯುವುದು ಆ ಪಿನ್ನೇ.

ಉಳಿದ ಕಾಲು ಪಾಲಿಗೆ ಎಲೆಕ್ಟ್ರಿಷಿಯನ್‌ನನ್ನು ಕರೆಸಿದೆ. ನ್ಯೂಟ್ರಲ್ಲಿಗೂ ಅರ್ಥಿಗೂ ನಡುವೆ 14 ವೋಲ್ಟ್ ಇತ್ತು! ನಮ್ಮ ಎರೆ ಮಣ್ಣು ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ, ಪೈಪಿನ ಸುತ್ತ ಮಣ್ಣೇ ಹಿಡಿದಿರಲಿಲ್ಲ. ಗುಂಡಿ ತೆಗೆದು ಇದ್ದಿಲು, ಉಪ್ಪು ತುಂಬಿ, ಸಡಿಲಾಗಿದ್ದ ನ್ಯೂಟ್ರಲ್ ಬಿಗಿ ಮಾಡಿದ ಮೇಲೆ 2 ವೋಲ್ಟಿಗಿಂತ ಕೆಳಗಿಳಿಯಿತು. ಆಂಪಿನ ಮೈ ಮುಟ್ಟಿದರೆ ಜುಮ್ ಅನ್ನುತ್ತಿದ್ದದ್ದೂ ನಿಂತಿತು. ಈಗ ಸ್ಪೀಕರಿಗೆ ಕಿವಿ ಹಚ್ಚಿದರೆ ಸಣ್ಣ ಹಿಸ್ ಅಷ್ಟೇ.

ಸೈನ್ ವೇವ್ ಇನ್ವರ್ಟರ್ ನಾನೂ ಒಂದು ತಗೊಳ್ಳುತ್ತೇನೆ, ರಾತ್ರಿ ಕೇಳುವುದಕ್ಕೆ. ಸ್ಟೆಬಿಲೈಸರ್ ಫ್ರಿಜ್ಜಿಗೆ ಹೋಯಿತು. ಅರ್ಥಿಂಗ್ ಗುಂಡಿಗೆ ಮಳೆ ಬರುವ ತನಕ ವಾರಕ್ಕೆರಡು ಕೊಡ ನೀರು ಹಾಕುತ್ತಿದ್ದೇನೆ.